ಎಡಗಡೆಯ ರಾಡಿ

ನಾನು ಪೇಂಟರ್ ಗುರುಪುತ್ರಪ್ಪ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ನನ್ನ ಅಂಗಡಿ. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಲಾರಿಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯಿಂದ ಬಣ್ಣ ಬಳಿಸಿಕೊಂಡವು, ಉಳಿದರ್ಧದ ಮಾಲಕರು ಈಗ ಹಳಹಳಿಸುತ್ತಿದ್ದಾರೆ. ನಾನು ಬಣ್ಣ ಹಚ್ಚಿದ ಲಾರಿಯ ಬಾಗಿಲಲ್ಲಿ ಮುಖ ನೋಡಿಕೊಂಡು ಡ್ರೈವರುಗಳು ದಾಡಿ ಮಾಡಿಕೊಳ್ಳುತ್ತಾರೆ. ಬಡಾಯಿ ಅಂತೀರಾ? ಹೋಗಿ ಕೇಳಿ ನೋಡಿ. ಅಂಥ ನನ್ನ ಕೈಯಿಂದ ಒಬ್ಬ ಮನುಷ್ಯ ಏಳು ರವಿವಾರ ಹೊಲಸು ಬಳಿಸಿದರು. ಎಂಬತ್ತಾರನೆಯ ಇಸವಿಯ ಬೇಸಿಗೆಯ ಮಾತು ಇದು.

ಅವರ ಹೆಸರು ಸಮದ. ಖಾನಾಪುರದಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲೊಂದರಲ್ಲಿ ಕೆಲಸ. ಐವತ್ತರ ಆಚೆಯ ವಯಸ್ಸು, ನೆಟ್ಟಗಿನ ಬೆನ್ನು. ಒಂದು ರವಿವಾರ ಬೆಳಗಿನ ಪ್ಯಾಸೆಂಜರಿನಿಂದ ಇಳಿದು, ಕೌದಿಯಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು ನನ್ನ ಅಂಗಡಿಯ ಮುಂದೆ ನಿಂತರು. ಯಾರದೋ ಕೂಸಿಗೆ ಆರಾಮಿಲ್ಲವೆಂದುಕೊಂಡೆ.

"ದವಾಖಾನಿ ಆ ಕಡೆ ಐತ್ರಿ," ಎಂದೆ.

"ಇದು ದವಾಖಾನಿಗೆ ಹೋಗೂದಲ್ರಿ, ಪೇಂಟರ," ಎಂದು ಅವರು ಕೌದಿ ಬಿಚ್ಚಿದರು.

ಒಳಗೆ ಸಾಗವಾನಿ ಕಟ್ಟಿಗೆಯ ಯುದ್ಧದ ಟ್ಯಾಂಕು. ಖರೇ ಟ್ಯಾಂಕಿನ ಒಂದೊಂದು ಅಡಿಗೆ ಒಂದೊಂದು ಇಂಚಿನ ಲೆಕ್ಕ ಹಿಡಿದು ಎರಡು ವರ್ಷ ಕೆತ್ತಿದ್ದರಂತೆ. ಮೈ ಎರಡು ಅಡಿಗಿಂತ ತುಸು ಹೆಚ್ಚು, ತೋಪಿನ ನಳಿಗೆ ಅದರಾಚೆಗೂ ಚಾಚಿತ್ತು. ಮೇಲಿನ ಟೊಪ್ಪಿಗೆ ಸುತ್ತಲೂ ತಿರುಗುತ್ತಿತ್ತು, ಅದರ ಮುಚ್ಚಳ ತೆರೆಯುತ್ತಿತ್ತು. ಗಾಲಿಗಳ ಮೇಲಿನ ಚೈನಿನ ಒಂದೊಂದು ಕೊಂಡಿಯನ್ನೂ ಡಾಲ್ಡಾ ಡಬ್ಬಿಯ ತಗಡಿನಿಂದ ಕತ್ತರಿಸಿ ಪೋಣಿಸಿದ್ದರು. ನೂಕಿದರೆ ಗರಗರ ಎಂದು ಉರುಳುತ್ತಿತ್ತು. ನನಗೆ ಯಾರ ಕೆಲಸವೂ ಲಗೂನ ಮನಸ್ಸಿಗೆ ಬರುವುದಿಲ್ಲ. ಇದನ್ನು ನೋಡಿ ಮಾತ್ರ ಬಾಯಲ್ಲಿದ್ದ ಬೀಡಿ ತೆಗೆದಿಟ್ಟೆ.

"ಹಸರ ಬಣ್ಣಾ ಹಚ್ಚಬೇಕ್ರಿ. ಮಿಲಿಟ್ರಿ ಹಸರ," ಎಂದರು. ಇನ್ನೇನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ತಿರುಗಿ ಹೋಗುವ ಗಾಡಿಯ ಹೊತ್ತಾಗಿತ್ತು, ಹೊರಟುಬಿಟ್ಟರು.

ಅಷ್ಟು ಹೇಳಿ ಹೋದರೆ ನಾನು ಸುಮ್ಮನಿರುತ್ತೇನೆಯೇ? ಮೂರು ಕೈ ಹಸಿರು ಹಚ್ಚಿದೆ. ಕೈ ಕೈಯ ನಡುವೆ ಉಸುಕಿನ ಕಾಗದದಿಂದ ತಿಕ್ಕಿ ನುಣುಪು ಮಾಡಿದೆ. ಅಂಚಿಗೆ ಹಳದಿ ಪಟ್ಟಿ, ಗಾಲಿಗಳ ನಡುವೆ ಕೆಂಪು ಬೊಟ್ಟು. ತೋಪಿನ ಬುಡಕ್ಕೆ ಕಮಲ. ಮುಂದೆ 'ಶ್ರೀ ಬಸವೇಶ್ವರ ಪ್ರಸನ್ನ'. ಹಿಂದೆ ಎರಡು ಗಿಳಿ, ಅವುಗಳ ನಡುವೆ ನನ್ನ ಪ್ರಸಿದ್ಧ ವಕ್ರಾಕ್ಷರದಲ್ಲಿ 'ಸಾವಕಾಶ ಹೋಗು, ಮನೆ ಸೇರು'. ನನ್ನ ಹೆಂಡತಿ ಅಕ್ಕವ್ವ ಊಟದ ಡಬ್ಬಿ ತಂದವಳು ಅದನ್ನು ನೋಡಿ, "ಅಯ್ಯ, ಮದಲಿಂಗನ್ನ ಕುಂದ್ರಿಸಿ ಮೆರವಣಿಗಿ ಮಾಡಬಹುದು," ಎಂದಳು. ಅವಳ ಬಾಯಿಂದ ಇಷ್ಟು ಹೊಗಳಿಕೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಮುಂದಿನ ರವಿವಾರ ಸಮದ ಸಾಹೇಬರು ಬಂದರು. ಟ್ಯಾಂಕಿನ ಮೇಲಿನ ಬಟ್ಟೆ ಸರಿಸಿದೆ. ಅವರು ಮುಂದಿನಿಂದ ನೋಡಿದರು, ಕಮಲ ನೋಡಿದರು, ತೊಡೆ ತಟ್ಟಿಕೊಂಡು ನಗತೊಡಗಿದರು. ಬಗ್ಗಿ ಬಗ್ಗಿ ನಕ್ಕರು. ಬಾಜು ಅಂಗಡಿಯವರು ಇಣುಕಿ ನೋಡಿದರು. ಸಮದ ಸಾಹೇಬರು ಗಿಳಿಗಳ ತನಕ ನಗುತ್ತಲೇ ಹೋಗಿ, ಹಿಂದಿನ ಅಕ್ಷರ ಓದಿದರು. ಓದಿ, ಬೋರಲು ಹಾಕಿದ್ದ ಬಣ್ಣದ ಡ್ರಮ್ಮಿನ ಮೇಲೆ ಕುಳಿತು ಅಳಲು ಹತ್ತಿದರು.

ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೆಲಸ ನೋಡಿ ನಕ್ಕವರಿಲ್ಲ, ಅತ್ತವರಂತೂ ಇಲ್ಲವೇ ಇಲ್ಲ. "ಏನಾತ್ರಿ? ಎಲ್ಲೆರ ಬಣ್ಣಾ ಬಿಟ್ಟೈತೇನು?" ಎಂದು ಗದರಿದೆ.

"ಇಲ್ರಿ, ಇಲ್ಲ. ತಪ್ಪು ನಂದ. ಮದಲ ಎಲ್ಲಾ ಹೇಳಬೇಕಾಗಿತ್ತು," ಎಂದು ಅವರು ಕಣ್ಣೊರೆಸಿಕೊಂಡು ಹೇಳಿದರು.

ಸಮದ ಸಾಹೇಬರು ದಂಡಿನಲ್ಲಿ ಟ್ಯಾಂಕು ಓಡಿಸುತ್ತಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಅವರ ಟ್ಯಾಂಕಿನಲ್ಲಿ ನಾಲ್ಕು ಜನ. ಕನ್ನಡದವರು ಇಬ್ಬರೇ. ಓಡಿಸಲು ಕೆಳಗೆ ಸಮದ, ತೋಪು ಹಾರಿಸಲು ಮೇಲೆ ಇಲ್ಲೇ ಬೆಳಗಾವಿ ಬಾಜುವಿನ ಕಾಕತಿಯ ಭರಮಣ್ಣ. ಒಳಗಿನ ಫೋನಿನಲ್ಲಿ ಇಬ್ಬರೂ ಕನ್ನಡದಲ್ಲಿ ಹರಟೆ ಹೊಡೆದು ಮೇಲಿನ ಸಾಹೇಬನಿಂದ ಬೈಸಿಕೊಳ್ಳುತ್ತಿದ್ದರಂತೆ. ಯುದ್ಧ ಮುಗಿಯಲು ಎರಡೇ ದಿನವಿದ್ದಾಗ ಭರಮಣ್ಣ ಸತ್ತ. ದಹನ ಅಲ್ಲಿಯೇ ಆಯಿತು. ಕಾಕತಿಗೆ ಬಂದದ್ದು ಒಂದು ಟ್ರಂಕು. ಮರುವರ್ಷ ಅವನ ಹೆಂಡತಿ ಗೌರವ್ವ ಯಾರಿಂದಲೋ ಒಂದು ಕಾಗದ ಬರೆಸಿ ಸಮದ ಸಾಹೇಬರಿಗೆ ಕಳಿಸಿದ್ದಳು. 'ಅವರ ಕಡೆಯ ದಿವಸ ಹೇಗಿತ್ತು, ಒಮ್ಮೆ ಬಂದು ಹೇಳಿ ಹೋಗಿರಿ' ಎಂದಷ್ಟೇ ಅದರಲ್ಲಿತ್ತು.

"ಮೂರ ಸಲ ಕಾಕತಿ ಸ್ಟಾಪಿನ ತನಕಾ ಹೋಗಿ ಹೊಳ್ಳಿ ಬಂದೇನ್ರಿ," ಎಂದರು. "ಬಾಯಿ ಬರೂದಿಲ್ಲ. ಕೈಯಾಗರ ಏನರ ಇದ್ರ ಗೌರವ್ವ ವೈನಿ ಮುಂದ ನಿಲ್ಲಾಕ ಆದೀತು ಅಂತ ಇದನ್ನ ಮಾಡಿದೆ. ಕಡೀ ದಿವಸ ಟ್ಯಾಂಕ ಹೆಂಗ ಇತ್ತೋ ಹಂಗ ಆಗಬೇಕು. ನನ್ನ ಕಣ್ಣಿಗಿ ಪರದಿ ಬರಾಕ ಹತ್ತೈತಿ. ಪೂರಾ ಕಾಣದಂಗ ಆಗೂದರಾಗ ಹೋಗಿ ಬರಬೇಕ್ರಿ."

ಸಿಟ್ಟೆಲ್ಲ ಇಳಿದುಹೋಯಿತು. ಆದರೂ ಕೇಳದೆ ಇರಲಾಗಲಿಲ್ಲ. "ಹಂಗಾರ ಹೊಳಪ ಒಟ್ಟ ಬ್ಯಾಡೇನ್ರಿ? ಚೂರು?"

"ಹೊಳದ್ರ ದೂರಿಂದ ಕಾಣತೈತ್ರಿ. ಕಂಡ್ರ ಹೊಡೀತಾರ."

ಅಂದೇ ಗಿಳಿಗಳನ್ನು ತಿಕ್ಕಿ ತೆಗೆದೆ. ಎಂಥ ಗಿಳಿಗಳು ಅವು! ಇಪ್ಪತ್ತೆಂಟು ವರ್ಷ ಹೊಳಪು ತರುವುದನ್ನು ಕಲಿತವನು ನಾನು. ಅದನ್ನು ಕೊಲ್ಲುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಹಸಿರಿಗೆ ಸಾಲಿಯ ಸೀಮೆಸುಣ್ಣದ ಪುಡಿ ಕಲಸಿದೆ, ಟರ್ಪೆಂಟೈನ್ ಹೆಚ್ಚು ಹಾಕಿದೆ. ಎರಡು ಸಲ ಒಡೆದು ಉದುರಿತು. ಮೂರನೆಯ ಸಲ ಹಳೆಯ ಕಂಬಳಿಯಂಥ ಒಣ ಹಸಿರು ಬಂತು. ಸಮದ ಸಾಹೇಬರು ಅದನ್ನು ಬೆರಳಿಂದ ಮುಟ್ಟಿ, "ಹ್ಞಾಂ, ಇದು ನಮ್ಮದು," ಎಂದರು.

ಅಲ್ಲಿಂದ ರವಿವಾರ ಬಂತೆಂದರೆ ಅವರು ಡ್ರಮ್ಮಿನ ಮೇಲೆ, ನಾನು ನೆಲದ ಮೇಲೆ, ನಡುವೆ ಟ್ಯಾಂಕು. ಅವರು ಕಣ್ಣು ಕಿರಿದು ಮಾಡಿ ಹೇಳಬೇಕು, ನಾನು ಹಚ್ಚಬೇಕು. ಕರಿಯನ್ನು ನೀರಾಗಿ ಕಲಸಿ ಸಂದುಗೊಂದಿಗೆಲ್ಲ ಹರಿಯಬಿಟ್ಟು ಮೇಲಿನದನ್ನು ಒರೆಸಿದೆ, ಸಂದುಗಳು ಹಳೆಯವಾದವು. ಕುಂಚದ ಬಣ್ಣವನ್ನೆಲ್ಲ ಚಿಂದಿಗೆ ಒರೆಸಿ, ಉಳಿದ ಅಷ್ಟಿಷ್ಟನ್ನು ಉಬ್ಬಿದ ಅಂಚುಗಳ ಮೇಲೆ ಸವರಿದೆ, ಬಿಸಿಲು ತಿಂದು ಮಾಸಿದಂತಾಯಿತು. ಹೊಗೆ ಬಿಡುವ ಕೊಳವೆಗೆ ಕಂದೀಲಿನ ಗಾಜಿನ ಮಸಿ ತಿಕ್ಕಿದೆ. ಬೂಟುಗಾಲು ಇಟ್ಟು ಹತ್ತುವ ಕಡೆ ಬಣ್ಣ ಹಾರಿ ಕಬ್ಬಿಣ ಕಾಣಬೇಕೆಂದರು. ಅದಕ್ಕೆ ಪೆನ್ಸಿಲ್ಲಿನ ಸೀಸ ಪುಡಿ ಮಾಡಿ ಬೆರಳಿಂದ ಉಜ್ಜಿದೆ. ಕಟ್ಟಿಗೆಯ ಮೇಲೆ ಕಬ್ಬಿಣ ಕಂಡಿತು! ನಾನೇ ನನ್ನ ಬೆನ್ನು ಚಪ್ಪರಿಸಿಕೊಂಡೆ, ಬೇರೆ ಯಾರೂ ಚಪ್ಪರಿಸುವ ಲಕ್ಷಣ ಕಾಣಲಿಲ್ಲ.

ಮಣ್ಣಿನ ಬಣ್ಣಕ್ಕೆ ಮಾತ್ರ ಎರಡು ವಾರ ಹೋಯಿತು. ಖಾನಾಪುರದ ಕೆಂಪು ನಡೆಯಲಿಲ್ಲ, ನಮ್ಮ ಹೊಲದ ಕರಿಯೂ ನಡೆಯಲಿಲ್ಲ. "ಬೂದಿ ಬೂದಿ ಇರತೈತ್ರಿ, ಅದರಾಗ ಚೂರ ಹಳದಿ," ಎನ್ನುತ್ತಿದ್ದರು. ಪೀರನವಾಡಿಯ ಕಡೆ ಇಟ್ಟಿಗೆ ಸುಡುವಲ್ಲಿಂದ ಒಂದು ಬುಟ್ಟಿ ಮಣ್ಣು ತಂದೆ, ಅದಕ್ಕೆ ಅಕ್ಕವ್ವನ ಒಲೆಯ ಬೂದಿ ಬೆರೆಸಿದೆ, ಅವಳ ಹಳೆಯ ಸೀರೆಯಲ್ಲಿ ಜರಡಿ ಹಿಡಿದೆ.

"ಲಗ್ನಾಗಿ ಇಪ್ಪತ್ತ ವರ್ಷ ಆತು, ಮನ್ಯಾಗಿನ ಧೂಳಾ ಒಮ್ಮೆರ ಝಾಡಿಸಿದವರಲ್ಲ," ಎಂದಳು ಅಕ್ಕವ್ವ. "ಈಗ ನೋಡು, ನನ್ನ ಸೀರೀಲೆ ಧೂಳಾ ಸೋಸಿ ಹಚ್ಚಾಕ ಕುಂತಾರ!"

"ನಿನಗೇನ ತಿಳಿತೈತಿ, ಹೋಗ," ಎಂದೆ. ಅವಳು ಹೋಗಲಿಲ್ಲ. ಸಮದ ಸಾಹೇಬರಿಗೆ ಚಹಾ ಕೊಟ್ಟು, ಸೆರಗು ಸಿಕ್ಕಿಸಿ, ಬೂದಿ ಸ್ವಲ್ಪ ಹೆಚ್ಚಾಯಿತೆಂದು ನನಗೇ ಹೇಳಿಕೊಟ್ಟಳು. ಹೆಚ್ಚಾದದ್ದು ಖರೇ ಇತ್ತು.

ಐದನೆಯ ರವಿವಾರ ಚೈನುಗಳಿಗೆ ರಾಡಿ ಹಚ್ಚಲು ಕುಳಿತೆವು. ಬಡಿಗರು ಕಾಯಿಸಿ ಹಚ್ಚುವ ಅಂಟಿನಲ್ಲಿ ಮಣ್ಣು ಕಲಸಿಕೊಂಡಿದ್ದೆ. ಬಲಗಡೆಗೆ ತೆಳ್ಳಗೆ ಹಚ್ಚಿ ಮುಗಿಸಿದೆ. ಎಡಗಡೆಯ ಚೈನಿಗೆ ಬಂದಾಗ ಸಮದ ಸಾಹೇಬರು ಗಾಲಿಗಳ ಮೇಲಿನ ಅಂಚಿಗೆ ಬೆರಳಿಟ್ಟು, "ಈ ಕಡೆ ಇಲ್ಲೀತನಕಾ ಬೇಕು. ದಪ್ಪ," ಎಂದರು.

"ಎರಡೂ ಬಾಜು ಸಮಾ ಇರಬೇಕ್ರಿ. ಒಂದ ಕಡೆ ಹಿಂಗ ಮೆತ್ತಿದ್ರ ಕಣ್ಣಿಗಿ ಕಿರಿಕಿರಿ ಆಗತೈತಿ."

"ಎಡಗಡೆ. ಇಲ್ಲೀತನಕಾ."

"ನಾ ಹಚ್ಚೂದಿಲ್ಲ. ನೋಡಿದವರು ಗುರುಪುತ್ರಪ್ಪಗ ಕೈ ನಡುಗಾಕ ಹತ್ತೈತಿ ಅಂತಾರ." ಕುಂಚವನ್ನು ಡಬ್ಬಿಗೆ ಒಗೆದೆ. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಸಮದ ಸಾಹೇಬರು ನನ್ನ ಮುಖ ನೋಡಲಿಲ್ಲ. ಚೈನನ್ನು ನೋಡುತ್ತಲೇ ಹೇಳಿದರು:

"ಮುಂಜಾನೆ ಮಂಜ ಬಿದ್ದಿತ್ತು. ಹಳ್ಳಾ ದಾಟಾಕ ಹತ್ತಿದ್ವಿ. ಬಲಕ್ಕ ತಗೋ ಅಂದ್ರು ಸಾಹೇಬ್ರು. ನನಗ ಎಡಕ್ಕ ನೆಲಾ ಗಟ್ಟಿ ಕಂಡಿತು. ಎಡಕ್ಕ ತಗೊಂಡೆ. ಎಡಗಡೆ ಚೈನ ಇಲ್ಲೀತನಕಾ ಹುಗೀತು. ಗಾಲಿ ಕೆಳಗ ಕಟ್ಟಿಗಿ ಕೊಡಾಕ ಭರಮಣ್ಣ ಇಳದ. ಇಳೀವಾಗ ನನ್ನ ಕಿಡಕ್ಯಾಗ ಬಗ್ಗಿ, 'ಖಾನಾಪುರದವರಿಗೆ ರಾಡಿ ಕಂಡ್ರ ಬಿಡಾಕ ಮನಸ ಆಗೂದಿಲ್ಲ ನೋಡ' ಅಂತ ನಕ್ಕ. ಆವಾಗ ಬಿತ್ತು ಗುಂಡು."

ಗೇಟಿನ ಹತ್ತಿರ ಗಾಡಿಯೊಂದು ಸೀಟಿ ಹಾಕಿ ಹೋಯಿತು.

"ಇದನ್ನ ಹೇಳಾಕ ಹದಿನಾಕ ವರ್ಷ ಆತ್ರಿ, ಆಗವಲ್ದು," ಎಂದರು ಸಮದ ಸಾಹೇಬರು. "ವೈನಿ ಗಂಡನ್ನ ರಾಡಿಗಿ ಹಾಕಿದಾವ ನಾನು. ಅಕಿ ನನ್ನ ಮನಿ ಮುಂದಿಂದ ಎಬ್ಬಿಸಿದ್ರೂ ಚಲೋನ. ಆದ್ರ ಸುಳ್ಳ ಟ್ಯಾಂಕ ಒಯ್ದು ಇಡೂದಿಲ್ಲ ನಾ."

ನಾನು ಡಬ್ಬಿಯಿಂದ ಕುಂಚ ತೆಗೆದು ಒರೆಸಿಕೊಂಡೆ. "ಎಲ್ಲೀತನಕಾ ಅಂದ್ರಿ?" ಎಂದು ಕೇಳಿದೆ. ಅವರು ಮತ್ತೆ ಬೆರಳಿಟ್ಟು ತೋರಿಸಿದರು. ಅಲ್ಲಿಯ ತನಕ ದಪ್ಪಗೆ ಹಚ್ಚಿದೆ. ಕೊಂಡಿ ಕೊಂಡಿಯ ಸಂದಿಗೆ ಕಡ್ಡಿಯಿಂದ ತುಂಬಿದೆ, ಹುಲ್ಲಿನ ಎಳೆ ಕತ್ತರಿಸಿ ಸಿಗಿಸಿದೆ, ಹಸಿ ಕಾಣಬೇಕಾದ ಕಡೆ ಒಂದು ಹನಿ ವಾರ್ನಿಶ್ ಇಟ್ಟೆ. ನನ್ನ ಜೀವಮಾನದಲ್ಲಿ ಯಾವ ಕಮಲಕ್ಕೂ ಅಷ್ಟು ನಿಗಾ ಕೊಟ್ಟಿದ್ದಿಲ್ಲ.

ಏಳನೆಯ ರವಿವಾರ ಕೆಲಸ ಮುಗಿಯಿತು. ಟ್ಯಾಂಕು ಈಗಷ್ಟೇ ಎಲ್ಲಿಂದಲೋ ದಣಿದು ಬಂದು ನಿಂತಂತಿತ್ತು. ಅಂಟು ಹಿಡಿದಿದೆಯೋ ಇಲ್ಲವೋ ಎಂದು ನಳದ ಕೆಳಗೆ ಹಿಡಿದು ನೋಡಿದೆ, ಒಂದು ಕಣ ಮಣ್ಣು ಕದಲಲಿಲ್ಲ. "ಮಳಿಗಾಲ ಹೊರಗ ಇಟ್ರೂ ಬಿಡೂದಿಲ್ಲ!" ಎಂದು ಜಂಬ ಕೊಚ್ಚಿದೆ. ಮರುದಿನವೇ ಕಾಕತಿಗೆ ಹೋಗುವುದೆಂದಾಯಿತು. ಒಬ್ಬರೇ ಹೋಗಿ ಅರ್ಧ ದಾರಿಯಿಂದ ತಿರುಗಿ ಬಂದಾರೆಂದು ನಾನೂ ಅಂಗಡಿ ಮುಚ್ಚಿ ಹೊರಟೆ.

ನನ್ನ ಅಂಜಿಕೆ ಸುಳ್ಳಾಗಲಿಲ್ಲ. ಕಾಕತಿಯಲ್ಲಿ ಬಸ್ಸಿಳಿದು ಹತ್ತು ಹೆಜ್ಜೆ ನಡೆದಿಲ್ಲ, ಸಮದ ಸಾಹೇಬರು ಒಂದು ಕಲ್ಲಿನ ಮೇಲೆ ಕುಳಿತೇಬಿಟ್ಟರು. ಕೌದಿಯ ಗಂಟು ತೊಡೆಯ ಮೇಲೆ.

"ಇವತ್ತ ಬ್ಯಾಡ್ರಿ, ಪೇಂಟರ. ಸೋಮವಾರ, ಅವರ ಮನ್ಯಾಗ ಪೂಜಿ ಪುನಸ್ಕಾರ ಇರತಾವು."

"ಏನ್ ಮನಶ್ಯಾರಿ ನೀವು!" ಎಂದು ಹರಿಹಾಯ್ದೆ. ದಾರಿಯವರು ನಿಂತು ನೋಡಿದರು. ನೋಡಲಿ. "ಏಳ ರವಿವಾರ ನನ್ನ ಕೈಲೆ ಹೊಲಸ ಬಳಿಸಿದ್ರಿ. ನನ್ನ ಗಿಳಿ ಹ್ವಾದವು, ನನ್ನ ಹೊಳಪ ಹ್ವಾತು, ಹೇಣತಿ ಸೀರಿ ಹ್ವಾತು. ಈಗ ಹೊಳ್ಳಿ ಹೋಗೂಣು ಅಂದ್ರ ಇಲ್ಲೇ ನಿಮ್ಮನ್ನ ಎತ್ತಿಕೊಂಡ ಹೊಂಟೇನು. ಏಳ್ರಿ!"

ಅವರು ಎದ್ದರು. ನನ್ನ ತೋಳು ಹಿಡಿದುಕೊಂಡೇ ನಡೆದರು. ಬೈದದ್ದಕ್ಕೆ ನನಗೇ ಕೆಡುಕೆನಿಸಿತು.

ಗೌರವ್ವನದು ಓಣಿಯ ತುದಿಯ ಮನೆ. ಬಾಗಿಲ ಬಾಜುವಿಗೆ ಕಲ್ಲಿನ ಕಟ್ಟೆ, ಆಚೆ ಒಂದು ಎಮ್ಮೆ. ನಲವತ್ತೈದರ ಸುಮಾರಿನ ಹೆಂಗಸು, ಹಣೆಗೆ ವಿಭೂತಿ. ಗುರುತಿಲ್ಲದ ಇಬ್ಬರನ್ನು ಕಂಡರೂ, ಯಾರು ಏನೆಂದು ಕೇಳುವ ಮೊದಲೇ ಒಳಗೆ ಹೋಗಿ ಕಾಲಿಗೆ ನೀರೆಂದು ತುಂಬಿದ ತಂಬಿಗೆ ತಂದಳು.

"ನಾನು ಸಮದ, ವೈನಿ. ಖಾನಾಪುರದ ಸಮದ."

ತಂಬಿಗೆ ಹಿಡಿದ ಕೈ ಅಲ್ಲಿಯೇ ನಿಂತಿತು. "ಬಂದ್ರಲ್ಲ," ಎಂದಳು ಗೌರವ್ವ. ಅದು ಸಿಟ್ಟೋ ಏನೋ ನನಗೆ ತಿಳಿಯಲಿಲ್ಲ. "ಕಾಗದಾ ಕಳಿಸಿ ಹದಿನಾಕ ವರ್ಷ ಆತು."

ಸಮದ ಸಾಹೇಬರು ಕಟ್ಟೆಯ ಮೇಲೆ ಗಂಟು ಇಟ್ಟು ಬಿಚ್ಚಿದರು. ಗೌರವ್ವ ಬಗ್ಗಿ ನೋಡಿದಳು. ಟೊಪ್ಪಿಗೆ ನೋಡಿದಳು, ಮಸಿ ಹಿಡಿದ ಕೊಳವೆ ನೋಡಿದಳು. ಅವಳ ಕಣ್ಣು ಎಡಗಡೆಯ ಚೈನಿಗೆ ಬಂದು ನಿಂತಿತು.

"ಕಡೀ ದಿವಸ ಹಿಂಗ ಇತ್ತೇನ್ರಿ?"

"ಹಿಂಗ ಇತ್ತು ವೈನಿ. ಈ ರಾಡ್ಯಾಗ ಹಾಕಿದಾವ ನಾನ. ಬಲಕ್ಕ ತಗೋ ಅಂದಿದ್ರು, ಎಡಕ್ಕ ತಗೊಂಡೆ. ಅವ ಕಟ್ಟಿಗಿ ಕೊಡಾಕ ಇಳದ. ನಾ ಬಲಕ್ಕ ತಗೊಂಡಿದ್ರ ಅವ ಇಳೀತಿದ್ದಿಲ್ಲ." ಒಂದೇ ಉಸುರಿಗೆ ಹೇಳಿ ಮುಗಿಸಿ, ತಲೆ ತಗ್ಗಿಸಿ ನಿಂತರು.

ಓಣಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ನನಗೆ ಓಡಿಹೋಗಬೇಕೆನಿಸಿತು.

"ಯಾರ ಹಾಕಿದ್ರು ಅಂತ ನಾ ಕೇಳಿದ್ದಿಲ್ಲ," ಎಂದಳು ಗೌರವ್ವ. ಅವಳ ದನಿ ಒಡೆದಿತ್ತು. "ಜೀವಾ ಹೋಗೂ ಮುಂದ ಅವರ ಬಾಜು ಯಾರರ ಇದ್ರೋ, ಒಬ್ಬರೇ ಬಿದ್ದಿದ್ರೋ? ಇದೊಂದ ಕೇಳಬೇಕಾಗಿತ್ತು ನನಗ. ಹದಿನೈದ ವರ್ಷ ಅದನ್ನ ನೆನಸಿಕೊಂಡ ನಿದ್ದಿಗೆಟ್ಟೇನಿ."

"ನಾ ಇದ್ದೆ ವೈನಿ. ನನ್ನ ತೊಡಿ ಮ್ಯಾಲ ಅವನ ತಲಿ ಇತ್ತು. ನಿಮ್ಮ ಹೆಸರ ತಗೊಂಡ. ನೀರ ಕುಡಿಸಿದೆ, ಕುಡದ. ಬಿಡಲಿಲ್ಲ ನಾ, ಕಡೀತನಕಾ ಬಿಡಲಿಲ್ಲ."

ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಮದ ಸಾಹೇಬರೂ ಅತ್ತರು. ನಾನು ಎಮ್ಮೆಯ ಕಡೆ ನೋಡುತ್ತ ನಿಂತೆ, ನನ್ನ ಕಣ್ಣಿಗೂ ಎಮ್ಮೆ ಸರಿಯಾಗಿ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು ತಂಬಿಗೆ ಎತ್ತಿ, ಎಡಗಡೆಯ ಚೈನಿನ ಮೇಲೆ ನೀರು ಸುರುವತೊಡಗಿದಳು.

"ಅಯ್ಯಯ್ಯ, ಯವ್ವಾ!" ಎಂದು ನಾನು ಚೀರಿದೆ.

"ಯಾಕ್ರಿ? ಹದಿನೈದ ವರ್ಷದ ಮ್ಯಾಲ ನಮ್ಮವರು ಮನೀಗಿ ಬಂದಾರ," ಎಂದಳು ಗೌರವ್ವ, ನನ್ನ ಕಡೆ ನೋಡದೆ. "ರಾಡಿಗಾಲಿಲೆ ಒಳಗ ಕರಕೊಳ್ಳಲೇನು?"

ಹೆಬ್ಬೆರಳಿಂದ ತಿಕ್ಕಿದಳು, ಉಗುರಿಂದ ಕೆರೆದಳು. ರಾಡಿ ಬಿಡಲಿಲ್ಲ. ಹೇಗೆ ಬಿಟ್ಟೀತು? ಮಳೆಗಾಲಕ್ಕೂ ಬಿಡದ ಹಾಗೆ ಹಚ್ಚಿದವನು ನಾನಲ್ಲವೇ! ಜೀವಮಾನದಲ್ಲಿ ಮೊದಲ ಸಲ ನನ್ನ ಕೈಚಳಕದ ಬಗ್ಗೆ ನನಗೆ ನಾಚಿಕೆಯಾಯಿತು. ಅಂಗಿಯ ತೋಳು ಮಡಚಿ ಕಟ್ಟೆಯ ಬುಡದಲ್ಲಿ ಕುಳಿತೆ.

"ತಣ್ಣೀರಿಗಿ ಬಿಡೂದಿಲ್ಲ ತಂಗಿ, ಅಂಟ ಹಚ್ಚೇನಿ. ಬಿಸಿ ನೀರ ತರ್ರಿ, ಒಂದ ಹಳೀ ಅರಿವೀನೂ ತರ್ರಿ. ಎಲ್ಲೆಲ್ಲಿ ತುಂಬೇನಿ ನನಗ ಗೊತ್ತೈತಿ."

ಒಲೆಯ ಮೇಲಿನ ನೀರು ಬಂತು. ಅಂಟು ಕರಗಿ, ಎರಡು ವಾರ ಹುಡುಕಿದ ಬೂದಿ ಬಣ್ಣ ಕಟ್ಟೆಯಿಂದ ಇಳಿದು ಮೋರಿಗೆ ಹರಿಯಿತು. ಕಡ್ಡಿಯಿಂದ ನಾನು ಸಂದಿಯ ಮಣ್ಣು ಎಬ್ಬಿಸುತ್ತಿದ್ದೆ, ಗೌರವ್ವ ಒರೆಸುತ್ತಿದ್ದಳು. ಸಮದ ಸಾಹೇಬರೂ ಬಗ್ಗಿ ಆ ಚೈನಿಗೆ ಕೈ ಚಾಚಿದರು. ಅವಳು ಅವರ ಕೈ ಹಿಡಿದು ನಿಲ್ಲಿಸಿದಳು.

"ನೀವ ಬ್ಯಾಡ್ರಿ, ಸಮದಣ್ಣ," ಎಂದು ತಂಬಿಗೆಯನ್ನು ಮತ್ತೆ ತುಂಬಿ ತಂದು ಅವರ ಕೈಗೆ ಕೊಟ್ಟಳು. "ನಿಮ್ಮ ಕಾಲ ತೊಳಕೋರಿ. ಒಳಗ ಬರ್ರಿ."